ಮೂವತ್ತರೊಳಗೇ ಉಯಿಲು, ಅದರಲ್ಲೊಂದು ದತ್ತಿ: ಪಟ್ಟಿಯಿಂದ ಸಹಿಯವರೆಗೆ

ಮೂವತ್ತು ತುಂಬದವರು ಮನೆಯಲ್ಲಿ ಉಯಿಲಿನ ಮಾತೆತ್ತಿದರೆ ಅಮ್ಮನ ಬಾಯಿಂದ ಮೊದಲು ಬರುವುದು "ಬಿಡ್ತು ಅನ್ನು" ಎಂಬ ಮಾತೇ. ಉಯಿಲು ಬರೆಯುವುದು ಹಾಸಿಗೆ ಹಿಡಿದ ಮೇಲೆ, ದತ್ತಿ ಇಡುವುದು ಉಳ್ಳವರು ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಕಾನೂನು ಕೇಳುವುದು ಎರಡನ್ನೇ: 18 ವರ್ಷ ತುಂಬಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು. ಇಷ್ಟೇ ಆಸ್ತಿ ಇರಬೇಕು ಎಂಬ ಲೆಕ್ಕ ಎಲ್ಲೂ ಇಲ್ಲ. ಒಂದು ಮ್ಯೂಚುವಲ್ ಫಂಡ್, ಸ್ವಲ್ಪ ಚಿನ್ನ, ಉಳಿತಾಯ ಖಾತೆಯಲ್ಲಿ ಒಂದಿಷ್ಟು ಹಣ ಇದ್ದರೂ ಉಯಿಲಾಗುತ್ತದೆ, ಅದರಲ್ಲಿ ಒಂದು ಪಾಲು ದತ್ತಿಯೂ ಆಗುತ್ತದೆ.

ಶಿರಸಂಗಿ ಲಿಂಗರಾಜ ದೇಸಾಯಿ ಅವರು ಹುಟ್ಟಿದ್ದು 1861ರಲ್ಲಿ, ತೀರಿಕೊಂಡದ್ದು 1906ರಲ್ಲಿ, 45ನೇ ವಯಸ್ಸಿಗೆ. ಅಷ್ಟರೊಳಗೇ ತಮ್ಮ ದೇಸಗತಿಯ (ಜಹಗೀರಿನ) ಆಸ್ತಿ ಲಿಂಗಾಯತ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಉಯಿಲು ಬರೆದಿಟ್ಟಿದ್ದರು. ನವಲಗುಂದ-ಶಿರಸಂಗಿ ಟ್ರಸ್ಟ್ ನಡೆದದ್ದು ಅದರಿಂದಲೇ. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರು ಹೊತ್ತಿದೆ. ವಯಸ್ಸಾದ ಮೇಲೆ ನೋಡೋಣ ಎಂದು ಅವರು ಕೂತಿದ್ದರೆ ಆ ಆಸ್ತಿಯ ದಾರಿಯೇ ಬೇರೆಯಾಗುತ್ತಿತ್ತು.

ಈ ಬರಹದುದ್ದಕ್ಕೂ ನಾನು ಬಿಡದೆ ಹಿಡಿದಿರುವ ಮಾತು ಒಂದೇ. ಚಿಕ್ಕ ವಯಸ್ಸಿನಲ್ಲಿ ಬರೆಯುವ ದತ್ತಿ ಹೆತ್ತವರ, ಸಂಗಾತಿಯ, ಮಕ್ಕಳ ಪಾಲಿಗೆ ಕತ್ತರಿ ಹಾಕಬಾರದು. ನಾಳೆ ನಿಮ್ಮ ಆಸ್ತಿ ಬೆಳೆದರೂ ಕರಗಿದರೂ ಬರಹ ತಾನೇ ಹೊಂದಿಕೊಳ್ಳುವಂತಿರಬೇಕು. ಹಾಗೆ ಬರೆಯುವುದು ಹೇಗೆಂದು ನೋಡೋಣ.

ಮೊದಲು: ಉಯಿಲೇ ಇಲ್ಲದಿದ್ದರೆ ಏನಾಗುತ್ತದೆ?

ಇದು ಗೊತ್ತಿಲ್ಲದೆ ಮುಂದಿನ ಹೆಜ್ಜೆ ಇಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಮದುವೆಯಾಗದ ಯುವಕ ಉಯಿಲಿಲ್ಲದೆ ತೀರಿಕೊಂಡರೆ ಸ್ವಯಾರ್ಜಿತ ಆಸ್ತಿಯೆಲ್ಲ ತಾಯಿಗೆ. ತಾಯಿ ಮೊದಲ ವರ್ಗದ ವಾರಸುದಾರಳು, ತಂದೆ ಎರಡನೇ ವರ್ಗ. ತಾಯಿ ಬದುಕಿದ್ದರೆ ತಂದೆಗೆ ಏನೂ ಇಲ್ಲ.

ಮದುವೆಯಾಗಿ ಮಕ್ಕಳಿಲ್ಲದ ಹೆಣ್ಣುಮಗಳ ವಿಷಯ ಇನ್ನೂ ಕಟು. ಅವಳು ದುಡಿದು ಗಳಿಸಿದ್ದು ಮೊದಲು ಗಂಡನಿಗೆ. ಗಂಡನಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಅಂದರೆ ಅತ್ತೆಯ ಮನೆಯವರಿಗೆ. ಹೆತ್ತ ತಂದೆ ತಾಯಿಯ ಸರದಿ ಅದಾದ ಮೇಲೆ. (ತಂದೆ ತಾಯಿಯಿಂದ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ಮರಳುತ್ತದೆ.) ಓದಿಸಿ ಕೆಲಸಕ್ಕೆ ಹಚ್ಚಿದ ಅಪ್ಪ ಅಮ್ಮ ಸಾಲಿನ ಕೊನೆಯಲ್ಲಿ ನಿಲ್ಲಬಾರದು ಎನಿಸಿದರೆ ಇರುವ ದಾರಿ ಉಯಿಲೊಂದೇ. ದತ್ತಿಯ ಯೋಚನೆ ಇಲ್ಲದ ಹೆಣ್ಣುಮಕ್ಕಳಿಗೂ ಇದನ್ನು ಒತ್ತಿ ಹೇಳುತ್ತೇನೆ.

ವಾರಸುದಾರರ ಪಟ್ಟಿಯಲ್ಲಿ ಶಾಲೆ, ಆಸ್ಪತ್ರೆ, ಗ್ರಂಥಾಲಯ ಎಲ್ಲೂ ಬರುವುದಿಲ್ಲ. ನೀವು ಬರೆದರಷ್ಟೇ ಅವುಗಳಿಗೆ ಪಾಲು.

ಹೆಜ್ಜೆ 1: ಪಟ್ಟಿ, ಅದರ ಪಕ್ಕದಲ್ಲಿ ನಾಮಿನಿ

ಒಂದು ಹಾಳೆಯಲ್ಲಿ ಇರುವುದನ್ನೆಲ್ಲ ಬರೆಯಿರಿ: ಬ್ಯಾಂಕ್ ಖಾತೆ, ಎಫ್‌ಡಿ, ಪಿಎಫ್, ಡಿಮ್ಯಾಟ್, ಮ್ಯೂಚುವಲ್ ಫಂಡ್, ವಿಮೆ, ಸೈಟು, ಚಿನ್ನ, ಗಾಡಿ. ಕೆಳಗೆ ಸಾಲಗಳು: ಗೃಹಸಾಲ, ಶಿಕ್ಷಣ ಸಾಲ, ಕ್ರೆಡಿಟ್ ಕಾರ್ಡು, ಗೆಳೆಯನಿಂದ ಪಡೆದ ಕೈಗಡ. ಪ್ರತಿಯೊಂದರ ಮುಂದೆ ನಾಮಿನಿ ಯಾರೆಂದು ಬರೆಯಿರಿ. ಕೆಲಸಕ್ಕೆ ಸೇರಿದ ದಿನ ಭರ್ತಿ ಮಾಡಿದ ಅರ್ಜಿಯಲ್ಲಿ ಯಾರ ಹೆಸರಿತ್ತೋ ಹೆಚ್ಚಿನವರಿಗೆ ನೆನಪಿರುವುದಿಲ್ಲ.

ನಾಮಿನಿ ಎಂದರೆ ಮಾಲೀಕ ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಅದು ತಪ್ಪು. ನಾಮಿನಿ ಹಣವನ್ನು ಕೈಗೆ ಪಡೆಯುವವನು; ಅದು ಕೊನೆಗೆ ಸೇರಬೇಕಾದ್ದು ಉಯಿಲಿನಲ್ಲಿ ಹೇಳಿದವರಿಗೆ, ಉಯಿಲಿಲ್ಲದಿದ್ದರೆ ವಾರಸುದಾರರಿಗೆ. ಷೇರುಗಳ ಮಟ್ಟಿಗೂ ಇದೇ ಸರಿಯೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಹೇಳಿದೆ.

ಜೀವವಿಮೆ ಇದಕ್ಕೆ ಹೊರತು. 2015ರ ತಿದ್ದುಪಡಿಯ ನಂತರ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಆ ಹಣ ಅವರದೇ ಆಗುತ್ತದೆ. ಪಿಎಫ್‌ಗೂ ಅದರದೇ ನಿಯಮಗಳಿವೆ, ಕುಟುಂಬ ಇರುವವರು ಕುಟುಂಬದವರನ್ನೇ ನಾಮಿನಿ ಮಾಡಬೇಕು. ಹಾಗಾಗಿ ನನ್ನ ಸಲಹೆ: ವಿಮೆ ಮತ್ತು ಪಿಎಫ್ ಮನೆಯವರಿಗೆಂದೇ ಬಿಡಿ. ದತ್ತಿಯನ್ನು ಉಳಿತಾಯ, ಫಂಡು, ಷೇರು, ಚಿನ್ನ, ಸೈಟುಗಳ ಲೆಕ್ಕದಲ್ಲಿ ಮಾತ್ರ ಬರೆಯಿರಿ. ದುಡಿಯುವ ವಯಸ್ಸಿನವರು ಹೋದಾಗ ಮನೆಗೆ ದೊಡ್ಡ ಆಸರೆ ಟರ್ಮ್ ಪಾಲಿಸಿಯೇ, ಅದನ್ನು ಮುಟ್ಟದಿದ್ದರೆ ದತ್ತಿಯ ಬಗ್ಗೆ ಮನೆಯವರ ತಕರಾರೂ ಕಡಿಮೆ.

ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು, ಅಣ್ಣ ತಮ್ಮಂದಿರದ್ದನ್ನು ಬರೆಯುವಂತಿಲ್ಲ. ಸರ್ಕಾರದಿಂದ ಮಂಜೂರಾದ ಜಮೀನು, ಗೇಣಿ ಹಕ್ಕಿನಿಂದ ಬಂದ ಜಮೀನು, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ, ಪರಭಾರೆಗೆ ನಿರ್ಬಂಧವಿರುವ (ಪಿಟಿಸಿಎಲ್) ಜಮೀನು ಇದ್ದರೆ ವಕೀಲರನ್ನು ಕೇಳದೆ ಸಂಸ್ಥೆಗೆ ಬರೆಯಬೇಡಿ. ಹೊಲಕ್ಕಿಂತ ಹಣ ಕೊಡುವುದು ಕೊಡುವವರಿಗೂ ಪಡೆಯುವವರಿಗೂ ಹಗುರ.

ಹೆಜ್ಜೆ 2: ಯಾರಿಗೆ?

ಮನಸ್ಸಿಗೆ ಹತ್ತಿರವಾದದ್ದನ್ನು ಆರಿಸಿ, ಆದರೆ ದಾಖಲೆ ನೋಡಿ ಆರಿಸಿ. ಸಂಸ್ಥೆ ನೋಂದಾಯಿತ ಟ್ರಸ್ಟೋ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿಯ ಸಂಘವೋ ತಿಳಿದುಕೊಳ್ಳಿ. ಆದಾಯ ತೆರಿಗೆ ಇಲಾಖೆಯಲ್ಲಿ ಧರ್ಮಾರ್ಥ ಸಂಸ್ಥೆಯೆಂಬ ನೋಂದಣಿ (1961ರ ಕಾಯ್ದೆಯಲ್ಲಿ 12ಎಬಿ ಮತ್ತು 80ಜಿ) ಇದೆಯೇ, ವಾರ್ಷಿಕ ಲೆಕ್ಕಪತ್ರ ಕೇಳಿದರೆ ತೋರಿಸುತ್ತಾರೆಯೇ ನೋಡಿ. ಲೆಕ್ಕ ಕೇಳಿದಾಗ ಮುಖ ಗಂಟಿಕ್ಕುವ ಸಂಸ್ಥೆಯನ್ನು ಅಲ್ಲಿಗೇ ಕೈಬಿಡಿ.

ನೀವು ಹೋದ ಮೇಲೂ ಸಂಸ್ಥೆ ಇರುತ್ತದೆಯೇ ಎಂಬ ಪ್ರಶ್ನೆ ಚಿಕ್ಕ ವಯಸ್ಸಿನವರಿಗೆ ತುಂಬ ಮುಖ್ಯ, ಏಕೆಂದರೆ ನಡುವೆ ನಲವತ್ತು ಐವತ್ತು ವರ್ಷ ಇರಬಹುದು. ಒಬ್ಬರ ಉತ್ಸಾಹದ ಮೇಲೆ ನಿಂತ ಸಣ್ಣ ಸಂಸ್ಥೆ ನಿಮಗೆ ಇಷ್ಟವಾಗಿದ್ದರೆ ಅದಕ್ಕೆ ಈಗಲೇ, ಕೈಯಾರೆ, ವರ್ಷ ವರ್ಷ ಕೊಡಿ. ಉಯಿಲಿನಲ್ಲಿ ಆಡಳಿತ ಮಂಡಳಿ ಬದಲಾದರೂ ನಡೆಯುವಂಥದ್ದನ್ನು ಹೆಸರಿಸಿ.

ಸಂಸ್ಥೆಗೆ ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಆಲ್‌ಫ್ರೆಡ್ ನೊಬೆಲ್ 1895ರಲ್ಲಿ ಪ್ಯಾರಿಸ್‌ನಲ್ಲಿ ಕೂತು ವಕೀಲರ ನೆರವಿಲ್ಲದೆ ಕೈಬರಹದಲ್ಲಿ ಉಯಿಲು ಬರೆದರು. ಬಹುಮಾನ ಕೊಡಬೇಕಾದ ಸಂಸ್ಥೆಗಳನ್ನು ಕೇಳಿರಲೇ ಇಲ್ಲ, ಹಣ ಸೇರಬೇಕಾದ ನಿಧಿ ಆಗ ಹುಟ್ಟಿಯೇ ಇರಲಿಲ್ಲ. ಅವರು ತೀರಿಕೊಂಡದ್ದು 1896ರಲ್ಲಿ. ಸಂಬಂಧಿಕರ ವಿರೋಧ, ಸಂಸ್ಥೆಗಳ ಹಿಂಜರಿಕೆ ಎಲ್ಲ ದಾಟಿ ಮೊದಲ ಬಹುಮಾನ ಕೊಡುವಷ್ಟರಲ್ಲಿ 1901 ಬಂದಿತ್ತು.

ಹೆಜ್ಜೆ 3: ಎಷ್ಟು, ಯಾವ ರೂಪದಲ್ಲಿ?

ಹೆಚ್ಚಿನ ಉಯಿಲುಗಳು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಕೊಡುವುದರಲ್ಲಿ ಮೂರು ಬಗೆ. ಇಂಥ ವಸ್ತು ಎಂದು ಹೆಸರಿಸಿ ಕೊಡಬಹುದು. ಇಷ್ಟು ರೂಪಾಯಿ ಎಂದು ಕೊಡಬಹುದು. ಸಾಲ, ಖರ್ಚು, ಇತರ ಕೊಡುಗೆ ಎಲ್ಲ ಕಳೆದು ಉಳಿದದ್ದರಲ್ಲಿ ಶೇಕಡಾ ಇಷ್ಟು ಎಂದು ಕೊಡಬಹುದು.

ವಸ್ತು ಹೆಸರಿಸಿದರೆ ಅದರ ಅಪಾಯ ಹೀಗೆ: ಇಂಥ ಸೈಟು ಇಂಥ ಶಾಲೆಗೆ ಎಂದು ಬರೆದು, ಐದು ವರ್ಷದ ಮೇಲೆ ಮನೆ ಕಟ್ಟಲು ಅದನ್ನೇ ಮಾರಿದಿರಿ ಎಂದಿಟ್ಟುಕೊಳ್ಳಿ. ಶಾಲೆಗೆ ಏನೂ ಸಿಗುವುದಿಲ್ಲ, ಮಾರಿದ ಹಣದ ಮೇಲೂ ಅದಕ್ಕೆ ಹಕ್ಕಿಲ್ಲ.

ನಿಗದಿತ ಮೊತ್ತಕ್ಕೆ ಎರಡು ಕಡೆಯಿಂದ ಪೆಟ್ಟು. ಬೆಲೆಯೇರಿಕೆ ವರ್ಷಕ್ಕೆ ಶೇ. 6 ಎಂದು ಹಿಡಿದರೆ ಇವತ್ತು ಬರೆದ 1 ಲಕ್ಷ ರೂಪಾಯಿಗೆ 40 ವರ್ಷದ ನಂತರ ಇಂದಿನ ಹತ್ತು ಸಾವಿರದಷ್ಟೂ ಬೆಲೆ ಇರುವುದಿಲ್ಲ. ಇನ್ನೊಂದು ಪೆಟ್ಟು ಹೆತ್ತವರಿಗೆ ಬೀಳುತ್ತದೆ. ಒಬ್ಬ ಯುವತಿಯ ಉಳಿತಾಯ 8 ಲಕ್ಷ, ಶಿಕ್ಷಣ ಸಾಲ 3 ಲಕ್ಷ ಎಂದು ಭಾವಿಸಿ. "4 ಲಕ್ಷ ಆಸ್ಪತ್ರೆಗೆ, ಉಳಿದದ್ದು ಅಮ್ಮನಿಗೆ" ಎಂದು ಪ್ರೀತಿಯಿಂದಲೇ ಬರೆಯುತ್ತಾಳೆ. ಕಾನೂನಿನ ಪ್ರಕಾರ ಮೊದಲು ಸಾಲ ತೀರಬೇಕು, ಆಮೇಲೆ ಹೆಸರಿಸಿದ ಮೊತ್ತ ಸಲ್ಲಬೇಕು, ಉಳಿಕೆ ಎಲ್ಲಕ್ಕೂ ಕೊನೆ. ಆಸ್ಪತ್ರೆಗೆ 4 ಲಕ್ಷ ಹೋಗಿ ಅಮ್ಮನ ಕೈಗೆ ಬರುವುದು 1 ಲಕ್ಷ. ಅದನ್ನೇ "ಸಾಲ ಕಳೆದು ಉಳಿದದ್ದರಲ್ಲಿ ಶೇ. 10 ಆಸ್ಪತ್ರೆಗೆ, ಶೇ. 90 ಅಮ್ಮನಿಗೆ" ಎಂದು ಬರೆದಿದ್ದರೆ ಆಸ್ಪತ್ರೆಗೆ 50 ಸಾವಿರ, ಅಮ್ಮನಿಗೆ ನಾಲ್ಕೂವರೆ ಲಕ್ಷ. ಅವಳು ಎಪ್ಪತ್ತು ವರ್ಷ ಬಾಳಿ ಆಸ್ತಿ ಕೋಟಿ ಮುಟ್ಟಿದರೆ ಅದೇ ಶೇ. 10 ಹತ್ತು ಲಕ್ಷವಾಗುತ್ತದೆ, ಒಂದಕ್ಷರ ತಿದ್ದದೆ.

ಚಿಕ್ಕ ವಯಸ್ಸಿನವರಿಗೆ ಉಳಿಕೆಯಲ್ಲಿ ಶೇಕಡಾವಾರು ಪಾಲೇ ಸರಿಯಾದ ದಾರಿ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಶೇ. 5 ಸಾಕು. ಪುಟ್ಟ ಮಕ್ಕಳಿರುವವರು, ಹೆತ್ತವರಿಗೆ ಪಿಂಚಣಿ ಇಲ್ಲದವರು ಅಷ್ಟನ್ನೂ ಕೊಡಬೇಕಿಲ್ಲ. ಅಂಥವರು ಷರತ್ತಿನ ದತ್ತಿ ಬರೆಯಬಹುದು: "ಎಲ್ಲವೂ ಪತ್ನಿಗೆ, ಅವಳು ನನ್ನ ನಂತರ 30 ದಿನ ಬದುಕುಳಿಯದಿದ್ದರೆ ಮಕ್ಕಳಿಗೆ, ಮಕ್ಕಳೂ ಇಲ್ಲದಿದ್ದರೆ ಅರ್ಧ ತಂದೆ ತಾಯಿಗೆ, ಅರ್ಧ ಇಂಥ ಸಂಸ್ಥೆಗೆ." ಆ 30 ದಿನದ ಮಾತನ್ನು ಬಿಡಬೇಡಿ. ಒಂದೇ ಅಪಘಾತದಲ್ಲಿ ಇಬ್ಬರೂ ಹೋದಾಗ ಯಾರು ಮೊದಲು ಹೋದರು ಎಂಬ ಜಗಳವನ್ನು ಅದು ತಪ್ಪಿಸುತ್ತದೆ.

ತೆರಿಗೆ ಉಳಿಯುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ, ಹಾಗಾಗಿ ಉಳಿಸಲು ಆ ತೆರಿಗೆಯೇ ಇಲ್ಲ.

ಹೆಜ್ಜೆ 4: ಆ ಒಂದು ಕಲಮು ಬರೆಯುವುದು

ನಮ್ಮ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕರಾರುವಾಕ್ಕು ಗೊತ್ತು. ಕೊಟ್ಟವರು ಯಾರು, ಪಡೆದವರು ಯಾರು, ನಂದಾದೀಪಕ್ಕೋ ಆಹಾರದಾನಕ್ಕೋ ವಿದ್ಯಾದಾನಕ್ಕೋ, ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಸಾಕ್ಷಿ ಯಾರು, ಎಲ್ಲ ಕಲ್ಲಿನ ಮೇಲೆ. ದಾನವನ್ನು ಅಳಿಪಿದವರಿಗೆ, ಅಂದರೆ ಕೆಡಿಸಿದವರಿಗೆ, ವಾರಣಾಸಿಯಲ್ಲಿ ಕವಿಲೆಯನ್ನು (ಹಸುವನ್ನು) ಕೊಂದ ಪಾಪ ಎಂಬ ಶಾಪ ಕೊನೆಗೆ. ಶಾಪ ಬಿಟ್ಟು ಉಳಿದದ್ದೆಲ್ಲ ಇಂದಿನ ಕಲಮಿಗೂ ಬೇಕು. ಹೀಗೆ ಬರೆಯಬಹುದು:

"ನನ್ನ ಸಾಲಗಳು, ಅಂತ್ಯಕ್ರಿಯೆಯ ವೆಚ್ಚ ಮತ್ತು ಮೇಲೆ ಹೇಳಿದ ಕೊಡುಗೆಗಳನ್ನು ಸಲ್ಲಿಸಿದ ನಂತರ ಉಳಿಯುವ ನನ್ನ ಎಲ್ಲ ಆಸ್ತಿಯಲ್ಲಿ ಶೇಕಡಾ 5ರಷ್ಟನ್ನು ........ (ಸಂಸ್ಥೆಯ ನೋಂದಾಯಿತ ಹೆಸರು), ನೋಂದಣಿ ಸಂಖ್ಯೆ ........, ಪ್ಯಾನ್ ........, ವಿಳಾಸ ........, ಈ ಸಂಸ್ಥೆಗೆ ಅದರ ಸಾಮಾನ್ಯ ಧರ್ಮಾರ್ಥ ಉದ್ದೇಶಗಳಿಗಾಗಿ ಸಲ್ಲಿಸತಕ್ಕದ್ದು. ಹಳ್ಳಿಯ ಹೆಣ್ಣುಮಕ್ಕಳ ಕಾಲೇಜು ಶುಲ್ಕಕ್ಕೆ ಇದು ಬಳಕೆಯಾಗಲಿ ಎಂಬುದು ನನ್ನ ಅಪೇಕ್ಷೆ, ಷರತ್ತಲ್ಲ. ಅಸಲನ್ನೂ ಬಳಸಲು ಸಂಸ್ಥೆ ಸ್ವತಂತ್ರವಾಗಿದೆ. ನನ್ನ ಮರಣದ ವೇಳೆಗೆ ಈ ಸಂಸ್ಥೆ ಮುಚ್ಚಿದ್ದರೆ, ವಿಲೀನವಾಗಿದ್ದರೆ ಅಥವಾ ಕೊಡುಗೆಯನ್ನು ಒಪ್ಪದಿದ್ದರೆ, ಇದೇ ಬಗೆಯ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯೊಂದನ್ನು ನನ್ನ ನಿರ್ವಾಹಕರು ಆರಿಸಿ ಅದಕ್ಕೆ ಸಲ್ಲಿಸತಕ್ಕದ್ದು."

ಇದರಲ್ಲಿ ಮೂರು ಮಾತು ಗಮನಿಸಿ. ನೋಂದಾಯಿತ ಹೆಸರು ಎಂದರೆ ರಸೀದಿಯ ಮೇಲೆ ಅಚ್ಚಾದ ಪೂರ್ತಿ ಹೆಸರು. "ನಮ್ಮೂರ ವೃದ್ಧಾಶ್ರಮಕ್ಕೆ" ಎಂದು ಬರೆದರೆ ಊರಲ್ಲಿ ಎರಡು ವೃದ್ಧಾಶ್ರಮ ಆದ ದಿನ ಕೋರ್ಟಿಗೆ ಹೋಗಬೇಕಾಗುತ್ತದೆ. "ಅಪೇಕ್ಷೆ, ಷರತ್ತಲ್ಲ" ಎಂಬುದು ಬಿಗಿಯಾದ ಉದ್ದೇಶದಿಂದ ಸಂಸ್ಥೆಯನ್ನು ಪಾರುಮಾಡುತ್ತದೆ. "ಟೈಪ್‌ರೈಟಿಂಗ್ ಕಲಿಯುವ ಮಕ್ಕಳಿಗೆ" ಎಂದು ಹಿಂದೆ ಯಾರಾದರೂ ಕಟ್ಟುನಿಟ್ಟಾಗಿ ಬರೆದಿದ್ದರೆ ಆ ಹಣಕ್ಕೆ ಇವತ್ತು ಮಕ್ಕಳನ್ನು ಎಲ್ಲಿ ಹುಡುಕುವುದು?

ಅಸಲಿನ ಮಾತು ದತ್ತಿನಿಧಿಗಳಿಂದ ಕಲಿಯಬೇಕಾದ ಪಾಠ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿ, ದತ್ತಿ ಉಪನ್ಯಾಸಗಳಂತೆ ಇಡಿಗಂಟು ಇಟ್ಟು ಅದರ ಬಡ್ಡಿಯಲ್ಲಿ ಕಾರ್ಯಕ್ರಮ ನಡೆಸುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಸಣ್ಣ ಗಂಟಿನ ಬಡ್ಡಿ ಮುಂದೊಂದು ದಿನ ಹಾರ, ಶಾಲಿಗೂ ಸಾಲದು. ಅಸಲು ಮುಟ್ಟಬಹುದು ಎಂಬ ಅನುಮತಿ ಬರೆದಿದ್ದರೆ ಹಣ ಒಮ್ಮೆಯಾದರೂ ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 5: ನಿರ್ವಾಹಕ, ಸಾಕ್ಷಿ, ಸಹಿ

ಉಯಿಲನ್ನು ಜಾರಿಗೆ ತರುವವರು ನಿರ್ವಾಹಕರು, ಆಡುಮಾತಿನಲ್ಲಿ ಎಕ್ಸಿಕ್ಯೂಟರ್. ನಾವು ರೂಢಿಯಂತೆ ಹಿರಿಯರನ್ನು, ಸೋದರಮಾವನನ್ನು ಹೆಸರಿಸುತ್ತೇವೆ. ಮೂವತ್ತರಲ್ಲಿ ಬರೆಯುವವರು ತಮ್ಮ ಓರಗೆಯವರನ್ನು ಅಥವಾ ಇನ್ನೂ ಚಿಕ್ಕವರನ್ನು ಆರಿಸಬೇಕು, ಜೊತೆಗೆ ಬದಲಿ ಹೆಸರೊಂದನ್ನು ಸೇರಿಸಬೇಕು. ನೊಬೆಲ್ ಹೆಸರಿಸಿದ ಇಬ್ಬರಲ್ಲಿ ಒಬ್ಬರಾದ ರಾಗ್ನರ್ ಸೋಲ್ಮನ್‌ಗೆ ನೊಬೆಲ್ ತೀರಿಕೊಂಡಾಗ 26 ವರ್ಷ. ಆ ಗೊಂದಲದ ಉಯಿಲನ್ನು ದಡ ಸೇರಿಸಿದ್ದು ಮುಖ್ಯವಾಗಿ ಅವರೇ. ಕೇಳದೆ ಯಾರ ಹೆಸರನ್ನೂ ಬರೆಯಬೇಡಿ.

ಸಾಕ್ಷಿಗಳು ಕನಿಷ್ಠ ಇಬ್ಬರು. ನೀವು ಸಹಿ ಹಾಕುವುದನ್ನು ಅವರು ನೋಡಬೇಕು, ನಿಮ್ಮ ಎದುರಿನಲ್ಲೇ ಅವರೂ ಸಹಿ ಹಾಕಬೇಕು. ಒಳಗೆ ಏನಿದೆ ಎಂದು ಅವರು ಓದಬೇಕಿಲ್ಲ. ಮುಂದೆ ಉಯಿಲನ್ನು ಕೋರ್ಟಿನಲ್ಲಿ ರುಜುವಾತು ಮಾಡಬೇಕಾಗಿ ಬಂದರೆ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕಾಗುತ್ತದೆ, ಆದ್ದರಿಂದ ಅವರೂ ಚಿಕ್ಕ ವಯಸ್ಸಿನವರಾಗಿರಲಿ, ಕಾಯಂ ವಿಳಾಸ ಬರೆಯಲಿ. ಪಾಲು ಪಡೆಯುವವರು, ಅವರ ಗಂಡ ಹೆಂಡತಿ, ದತ್ತಿ ಪಡೆಯುವ ಸಂಸ್ಥೆಯ ಸಿಬ್ಬಂದಿ ಸಾಕ್ಷಿಯಾಗುವುದು ಬೇಡ.

ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ, ಕೈಬರಹದಲ್ಲೇ ಬರೆಯಬಹುದು. ಆದರೆ ಮೊಬೈಲಿನಲ್ಲಿ ಟೈಪಿಸಿ ಇ-ಸಹಿ ಹಾಕಿದರೆ ಅದು ಉಯಿಲಾಗದು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಉಯಿಲನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಪ್ರಿಂಟ್ ತೆಗೆದು ಪ್ರತಿ ಪುಟಕ್ಕೂ ಶಾಯಿಯಲ್ಲಿ ಸಹಿ ಹಾಕಿ, ತಾರೀಕು ಬರೆಯಿರಿ.

ಹೆಜ್ಜೆ 6: ನೋಂದಣಿ

ಕಡ್ಡಾಯವಲ್ಲ. ಆದರೂ ದತ್ತಿ ಇರುವ ಉಯಿಲನ್ನು ನೋಂದಾಯಿಸಿ ಎನ್ನುತ್ತೇನೆ, ಏಕೆಂದರೆ ಪ್ರಶ್ನೆ ಏಳುವುದು ಹೊರಗಿನವರಿಗೆ ಕೊಟ್ಟ ಪಾಲಿನ ಮೇಲೆಯೇ. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ವಿವರ ತುಂಬಿ, ಸಮಯ ಗೊತ್ತುಮಾಡಿಕೊಂಡು, ಸಾಕ್ಷಿಗಳ ಜೊತೆ ಗುರುತಿನ ದಾಖಲೆ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ಮುದ್ರಾಂಕ ಶುಲ್ಕವಿಲ್ಲ. ನೀವು ಬದುಕಿರುವವರೆಗೆ ಅದರ ನಕಲು ನಿಮಗೆ ಅಥವಾ ನೀವು ನೇಮಿಸಿದವರಿಗೆ ಬಿಟ್ಟರೆ ಬೇರೆಯವರಿಗೆ ಸಿಗುವುದಿಲ್ಲ, ಆ ಅಂಜಿಕೆ ಬೇಡ.

ಧರ್ಮ, ದೇಶ, ದೇಹ: ಮೂರು ಎಚ್ಚರಿಕೆ

ಮುಸ್ಲಿಮರು ಶರೀಯತ್ ಪ್ರಕಾರ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ (ಉಯಿಲು) ಮಾಡಬಹುದು. ಅದಕ್ಕೂ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರು ದತ್ತಿ ಬರೆಯಲು ಹಿಂದೆ ದೊಡ್ಡ ಅಡ್ಡಿಯಿತ್ತು. ಹತ್ತಿರದ ಸಂಬಂಧಿಕರಿದ್ದರೆ, ಸಾವಿಗೆ 12 ತಿಂಗಳಾದರೂ ಮುಂಚೆ ಬರೆದ ಉಯಿಲಿನ ದತ್ತಿ ಮಾತ್ರ ಊರ್ಜಿತವಾಗುತ್ತಿತ್ತು. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಇದನ್ನು ಪ್ರಶ್ನಿಸಿದರು, 2003ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಆ 118ನೇ ಕಲಮನ್ನೇ ಹೊಡೆದುಹಾಕಿತು. ಆದರೆ ಕ್ರೈಸ್ತರು, ಪಾರ್ಸಿಗಳು ಇನ್ನೊಂದನ್ನು ನೆನಪಿಡಬೇಕು: ಮದುವೆಯಾದೊಡನೆ ಅವರ ಹಳೆಯ ಉಯಿಲು ರದ್ದಾಗುತ್ತದೆ, ಹೊಸದು ಬರೆಯಬೇಕು. ಹಿಂದೂಗಳಿಗೆ ಹಾಗಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರು ಎರಡು ದೇಶದಲ್ಲೂ ಆಸ್ತಿಯಿದ್ದರೆ ಎರಡು ಉಯಿಲು ಬರೆಯುವುದು ಅನುಕೂಲ. "ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ" ಎಂಬ ರೂಢಿಯ ವಾಕ್ಯ ಆ ದೇಶದ ಉಯಿಲನ್ನೂ ಕೊಂದುಹಾಕುತ್ತದೆ. "ಭಾರತದಲ್ಲಿರುವ ಆಸ್ತಿಗೆ ಸಂಬಂಧಿಸಿದ" ಎಂದು ಸೇರಿಸಿ. ಭಾರತದ ಪಾಸ್‌ಪೋರ್ಟ್ ಇರುವವರ ಉಳಿತಾಯದ ಹಣ ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಿಸಿ ಒಸಿಐ ಕಾರ್ಡ್ ಪಡೆದವರ ದೇಣಿಗೆ ವಿದೇಶಿ ಮೂಲದ್ದು, ಹಾಗಾಗಿ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಪಡೆಯುವ ಎಫ್‌ಸಿಆರ್‌ಎ ಅನುಮತಿ ಇದೆಯೇ ಕೇಳಿ. ಬ್ರಿಟನ್ನಿನಲ್ಲಿ ನೆಲೆಸಿದವರಿಗೆ ತೆರಿಗೆಯ ಲೆಕ್ಕವೂ ಇದೆ: ಅಲ್ಲಿನ ಚಾರಿಟಿಗೆ ನಿವ್ವಳ ಆಸ್ತಿಯ ಶೇ. 10 ಬಿಟ್ಟರೆ ಉಳಿದದ್ದರ ಮೇಲಿನ ವಾರಸು ತೆರಿಗೆ ಶೇ. 40ರಿಂದ 36ಕ್ಕೆ ಇಳಿಯುತ್ತದೆ.

ಕಣ್ಣು, ಅಂಗಾಂಗ, ದೇಹದಾನದ ಇಚ್ಛೆಯನ್ನು ಉಯಿಲಿನಲ್ಲಿ ಮಾತ್ರ ಬರೆದು ಸುಮ್ಮನಾಗಬೇಡಿ. ಉಯಿಲು ತೆರೆಯುವಷ್ಟರಲ್ಲಿ ತಿಥಿ ಮುಗಿದಿರುತ್ತದೆ. ಕಣ್ಣು ತೆಗೆಯಬೇಕಾದ್ದು ಕೆಲವೇ ಗಂಟೆಗಳಲ್ಲಿ. ಅಂಗಾಂಗ ದಾನಕ್ಕೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ಬರೆಸಿ, ದೇಹದಾನಕ್ಕೆ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ ಮಾತಾಡಿ, ಮನೆಯವರಿಗೆ ಬಾಯಿಬಿಟ್ಟು ಹೇಳಿ.

ಹೆಜ್ಜೆ 7: ಮನೆಯಲ್ಲಿ ಹೇಳುವುದು

ಸಾವಿನಿಂದ ಶುರುಮಾಡಬೇಡಿ, ಪಟ್ಟಿಯಿಂದ ಶುರುಮಾಡಿ. "ನಾಮಿನಿಗಳನ್ನೆಲ್ಲ ಸರಿಮಾಡುತ್ತಿದ್ದೇನೆ, ವಿಮೆ ನಿಮ್ಮ ಹೆಸರಿಗಿದೆ, ನೋಡಿ" ಎಂದು ಅಪ್ಪನ ಮುಂದೆ ಹಾಳೆ ಇಡಿ. ತಮ್ಮ ಪಾಲು ಭದ್ರವಾಗಿದೆ ಎಂದು ಕಂಡ ಮೇಲೆ ಶೇ. 5ರ ಮಾತನ್ನು ಹೆಚ್ಚಿನ ಹೆತ್ತವರು ಸಮಾಧಾನದಿಂದಲೇ ಕೇಳುತ್ತಾರೆ. ಯಾಕೆ ಆ ಸಂಸ್ಥೆ ಎಂಬುದನ್ನು ಪ್ರತ್ಯೇಕ ಪತ್ರದಲ್ಲಿ, ನಿಮ್ಮದೇ ಮಾತಿನಲ್ಲಿ ಬರೆದು ಉಯಿಲಿನ ಜೊತೆಗಿಡಿ. ಉಯಿಲಿನ ಒಳಗೆ ಕಾರಣ ಬೇಡ, ಅದು ತಕರಾರಿಗೆ ದಾರಿ.

ಮೂಲಪ್ರತಿ ಎಲ್ಲಿದೆ ಎಂದು ನಿರ್ವಾಹಕರಿಗೆ ಹೇಳಿ. ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಇಟ್ಟರೆ ಅದನ್ನು ತೆಗೆಯುವುದಕ್ಕೇ ಮನೆಯವರು ಓಡಾಡಬೇಕಾಗುತ್ತದೆ.

ಹೆಜ್ಜೆ 8: ತಿದ್ದುವುದು

ಉಯಿಲನ್ನು ಎಷ್ಟು ಸಲವಾದರೂ ಬದಲಿಸಬಹುದು, ಕೊನೆಯ ತಾರೀಕಿನದ್ದೇ ನಿಲ್ಲುತ್ತದೆ. ನೋಂದಾಯಿಸಿದ್ದನ್ನು ನೋಂದಾಯಿಸದ ಹೊಸ ಉಯಿಲು ಕೂಡ ರದ್ದುಮಾಡಬಲ್ಲದು. ಮದುವೆ, ಮಗು, ವಿಚ್ಛೇದನ, ಮನೆ ಖರೀದಿ, ಹೆತ್ತವರ ಅಗಲಿಕೆ, ದೇಶ ಬದಲಾವಣೆ, ದತ್ತಿ ಸಂಸ್ಥೆಯ ಬಗ್ಗೆ ಕೆಟ್ಟ ಸುದ್ದಿ: ಇವುಗಳಲ್ಲಿ ಯಾವುದಾದರೂ ಆದಾಗ ತೆಗೆದು ಓದಿ. ಸಂಸ್ಥೆಯ ಹೆಸರಷ್ಟೇ ಬದಲಾಗಬೇಕಿದ್ದರೆ ಒಂದು ಪುಟದ ಪೂರಕ ಉಯಿಲು ಸಾಕು, ಅದಕ್ಕೂ ಇಬ್ಬರು ಸಾಕ್ಷಿ ಬೇಕು. ಮೂಲದ ಮೇಲೆ ಪೆನ್ನಿನಿಂದ ಗೀಚಿ ತಿದ್ದಬೇಡಿ. ಪೂರ್ತಿ ಹೊಸದು ಬರೆದಾಗ ಹಳೆಯದನ್ನು ನೀವೇ ಹರಿದುಹಾಕಿ, ನಿರ್ವಾಹಕರ ಬಳಿ ಇರುವ ನಕಲನ್ನೂ ವಾಪಸು ಪಡೆದು ಹೊಸದನ್ನು ಕೊಡಿ.